ಬೆಟ್ಟದ ಓಟಕ್ಕೆ ಹಾದಿಯನ್ನು ಆರಿಸುವುದು, ಅಳೆಯುವುದು, ಓಡುವುದು: ಸಮಗ್ರ ಮಾರ್ಗದರ್ಶಿ

ಬೆಟ್ಟದ ಕಾಲುದಾರಿಗಳಲ್ಲಿ ಓಡಬೇಕೆಂದು ಹೊರಡುವವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ‘ಹಾದಿ ಎಷ್ಟು ಕಿಲೋಮೀಟರ್?’ ಎಂಬುದಾಗಿರುತ್ತದೆ. ರಸ್ತೆಯ ಓಟಕ್ಕೆ ಆ ಪ್ರಶ್ನೆ ಸಾಕು, ಬೆಟ್ಟಕ್ಕೆ ಸಾಲದು. ನಾನು ಟ್ರೇಲ್ ರನ್ನಿಂಗ್ ಆರಂಭಿಸಿದ ದಿನಗಳಲ್ಲಿ ಒಮ್ಮೆ 11 ಕಿಲೋಮೀಟರಿನ ಹಾದಿಯೊಂದನ್ನು ಒಂದು ಗಂಟೆ ಹತ್ತು ನಿಮಿಷದ ಓಟವೆಂದು ಎಣಿಸಿ, ಕೈಯಲ್ಲಿ ಒಂದೇ ಒಂದು ಸಣ್ಣ ನೀರಿನ ಬಾಟಲಿ ಹಿಡಿದು ಹೊರಟಿದ್ದೆ. ಹಾದಿ 900 ಮೀಟರ್ ಏರುತ್ತಿತ್ತು. ಮರಳಿ ಬರುವಾಗ ಮೂರು ಗಂಟೆ ಕಳೆದಿತ್ತು, ನೀರು ಅರ್ಧ ದಾರಿಯಲ್ಲೇ ಮುಗಿದಿತ್ತು. ಅಂದಿನಿಂದ ಯಾವ ಹಾದಿಯನ್ನೇ ನೋಡಿದರೂ ಅದರ ಉದ್ದಕ್ಕಿಂತ ಮೊದಲು ಒಟ್ಟು ಏರಿಕೆಯನ್ನೂ, ಕಾಲಡಿಯ ನೆಲದ ಗುಣವನ್ನೂ, ಓಟವನ್ನು ನಡುವೆಯೇ ನಿಲ್ಲಿಸಿ ಸುರಕ್ಷಿತವಾಗಿ ಕೆಳಗಿಳಿಯಬಹುದಾದ ಜಾಗಗಳನ್ನೂ ನೋಡುತ್ತೇನೆ. ಈ ಬರಹ ಆ ನೋಟವನ್ನು ಹಂತಹಂತವಾಗಿ ರೂಢಿಸಿಕೊಳ್ಳುವ ಬಗೆಯನ್ನು ವಿವರಿಸುತ್ತದೆ. ರಸ್ತೆಯ ಮೇಲೆ ಒಂದು ಗಂಟೆ ನಿರಾಯಾಸವಾಗಿ ಓಡಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹಂತ 1: ನಕ್ಷೆಯನ್ನು ಓದುವುದು

ಮೊಬೈಲಿನ ಸಾಮಾನ್ಯ ರಸ್ತೆ ನಕ್ಷೆ ಈ ಕೆಲಸಕ್ಕೆ ಬಾರದು. ಸಮೋನ್ನತಿ ರೇಖೆಗಳಿರುವ ಸ್ಥಳಾಕೃತಿ ನಕ್ಷೆಯೇ ಬೇಕು. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಬಿಂದುಗಳನ್ನು ಜೋಡಿಸುವ ಈ ರೇಖೆಗಳು ಒತ್ತೊತ್ತಾಗಿದ್ದಲ್ಲಿ ನೆಲ ಕಡಿದಾಗಿದೆ, ದೂರದೂರವಾಗಿದ್ದಲ್ಲಿ ನೆಲ ಬಹುಮಟ್ಟಿಗೆ ಸಮತಟ್ಟಾಗಿದೆ ಎಂದರ್ಥ. ಓಡುವವರು ಗಮನಿಸಬೇಕಾದ ಸೂಕ್ಷ್ಮವೊಂದು ಇಲ್ಲಿದೆ: ಬೆಟ್ಟದ ಮೈ ಎಷ್ಟೇ ಕಡಿದಾಗಿರಲಿ, ಕಾಲುದಾರಿ ರೇಖೆಗಳಿಗೆ ಸಮಾನಾಂತರವಾಗಿ ಸಾಗಿದರೆ ಅದು ಓಡಲು ಹದವಾದ ದಾರಿ, ರೇಖೆಗಳನ್ನು ನೇರವಾಗಿ ಅಡ್ಡಹಾಯ್ದರೆ ಅದು ಮೆಟ್ಟಿಲು ಹತ್ತಿದಂತೆ ಹತ್ತಬೇಕಾದ ದಾರಿ.

1:25,000 ಪ್ರಮಾಣದ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 250 ಮೀಟರ್. 4 ಮಿಲಿಮೀಟರ್ ಎಂದರೆ 100 ಮೀಟರ್. ರೇಖೆಗಳ ನಡುವಿನ ಅಂತರ 10 ಮೀಟರ್ ಎಂದು ನಕ್ಷೆಯ ಅಂಚಿನಲ್ಲಿ ನಮೂದಾಗಿದ್ದರೆ, ದಾರಿ ಆ 4 ಮಿಲಿಮೀಟರ್‌ನಲ್ಲಿ ಎರಡು ರೇಖೆಗಳಷ್ಟು ಮೇಲೇರಿದಾಗ ಏರು ಶೇ 20ರಷ್ಟಾಗುತ್ತದೆ. ನನ್ನ ಅನುಭವದಲ್ಲಿ ಶೇ 10ರವರೆಗಿನ ಏರನ್ನು ತರಬೇತಿ ಪಡೆದವರು ನಿಧಾನವಾಗಿ ಓಡಬಹುದು. ಶೇ 15 ದಾಟಿದ ಮೇಲೆ ಬಹುತೇಕ ಎಲ್ಲರಿಗೂ ಬಿರುಸಿನ ನಡಿಗೆಯೇ ಲಾಭಕರ. ನಕ್ಷೆಯ ಮೇಲೆ ಪೆನ್ಸಿಲಿನಿಂದ ಓಡುವ ಭಾಗ, ನಡೆಯುವ ಭಾಗ, ಎಚ್ಚರಿಕೆಯಿಂದ ಇಳಿಯಬೇಕಾದ ಭಾಗ ಎಂದು ಗುರುತು ಹಾಕಿಕೊಂಡರೆ ಹಾದಿಯ ಸ್ವಭಾವ ಮನೆಯಲ್ಲಿ ಕುಳಿತಾಗಲೇ ಅರ್ಧ ಅರಿವಾಗುತ್ತದೆ.

ಬೇರೆಯವರು ದಾಖಲಿಸಿ ಹಂಚಿಕೊಂಡ ಜಿಪಿಎಕ್ಸ್ ಕಡತಗಳು, ಅಂದರೆ ಹಾದಿಯನ್ನು ಜಿಪಿಎಸ್ ಬಿಂದುಗಳ ಗೆರೆಯಾಗಿ ಹಿಡಿದಿಟ್ಟ ಕಡತಗಳು, ಬಹಳ ಉಪಯುಕ್ತ. ಆದರೆ ಅವುಗಳನ್ನು ನಕ್ಷೆಯ ಮೇಲಿಟ್ಟು ಪರೀಕ್ಷಿಸದೆ ನಂಬಬಾರದು. ಆಳವಾದ ಕಣಿವೆಯಲ್ಲೂ ದಟ್ಟ ಕಾಡಿನಲ್ಲೂ ಉಪಗ್ರಹದ ಸಂಕೇತ ಬಂಡೆ ಮತ್ತು ಮರಗಳಿಂದ ತಡೆಯಲ್ಪಟ್ಟು ಗೆರೆ ಹತ್ತಾರು ಮೀಟರ್ ಅತ್ತಿತ್ತ ಸರಿದಿರುತ್ತದೆ. ಎಲ್ಲಿಯಾದರೂ ಗೆರೆ ಅಸಹಜವಾಗಿ ನೇರವಾಗಿದ್ದರೆ ಅಲ್ಲಿ ಯಂತ್ರಕ್ಕೆ ಸಂಕೇತ ಸಿಕ್ಕಿಲ್ಲ, ಇಲ್ಲವೇ ಯಾರೋ ಅದನ್ನು ಪರದೆಯ ಮೇಲೆ ಕೈಯಿಂದ ಎಳೆದಿದ್ದಾರೆ ಎಂದು ತಿಳಿಯಬೇಕು. ಕಡತ ಯಾವ ತಿಂಗಳಿನದು ಎಂಬುದನ್ನೂ ನೋಡಬೇಕು, ಏಕೆಂದರೆ ಒಣಗಾಲದಲ್ಲಿ ಒಬ್ಬರು ಹಾರಿ ದಾಟಿದ ತೊರೆ ಮಳೆಗಾಲದಲ್ಲಿ ದಾಟಲಾಗದ ಹೊಳೆಯಾಗಿರಬಹುದು.

ಹಂತ 2: ಏರಿಕೆಯನ್ನು ಸಮಯವಾಗಿ ಪರಿವರ್ತಿಸುವುದು

ಇಡೀ ಯೋಜನೆಯಲ್ಲಿ ನಾನು ಅತ್ಯಂತ ಮಹತ್ವ ಕೊಡುವುದು ಈ ಹಂತಕ್ಕೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ರೂಪಿಸಿದ ಸರಳ ಸೂತ್ರವೊಂದು ಇಂದಿಗೂ ಬಳಕೆಯಲ್ಲಿದೆ. ಅದರ ಮೆಟ್ರಿಕ್ ರೂಪದ ಪ್ರಕಾರ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ ಎಂದು ಎಣಿಸಬೇಕು. 18 ಕಿಲೋಮೀಟರ್ ಉದ್ದದ, 1,200 ಮೀಟರ್ ಒಟ್ಟು ಏರಿಕೆಯ ಹಾದಿಯನ್ನು ತೆಗೆದುಕೊಳ್ಳೋಣ. ದೂರಕ್ಕೆ 3 ಗಂಟೆ 36 ನಿಮಿಷ, ಏರಿಕೆಗೆ 2 ಗಂಟೆ, ಒಟ್ಟು 5 ಗಂಟೆ 36 ನಿಮಿಷ. ಇದು ವಿಶ್ರಾಂತಿಯಿಲ್ಲದೆ ನಡೆಯುವವರ ಸಮಯ.

ಓಡುವವರು ಇದನ್ನು ತಮ್ಮದೇ ಗುಣಕದಿಂದ ತಿದ್ದಿಕೊಳ್ಳಬೇಕು. ಪರಿಚಿತವಾದ ಎರಡು ಮೂರು ಬೆಟ್ಟದ ಹಾದಿಗಳಲ್ಲಿ ನೆಮ್ಮದಿಯ ವೇಗದಲ್ಲಿ ಓಡಿ, ತಗುಲಿದ ಸಮಯವನ್ನು ನೇಸ್ಮಿತ್ ಸಮಯದಿಂದ ಭಾಗಿಸಿದರೆ ಆ ಗುಣಕ ಸಿಗುತ್ತದೆ. ಅದು 0.6 ಎಂದಾದರೆ ಮೇಲಿನ ಹಾದಿಗೆ ಸುಮಾರು 3 ಗಂಟೆ 22 ನಿಮಿಷ ಬೇಕಾಗುತ್ತದೆ. ಅಪರಿಚಿತ ಹಾದಿಗೆ ಇದರ ಮೇಲೆ ಕಾಲುಭಾಗ ಸೇರಿಸುವುದು ನನ್ನ ರೂಢಿ. ದಾರಿ ಹುಡುಕುವುದಕ್ಕೆ, ನಕ್ಷೆ ನೋಡುವುದಕ್ಕೆ, ಜಾರುವ ನೆಲದಲ್ಲಿ ನಿಧಾನವಾಗುವುದಕ್ಕೆ ಅಷ್ಟು ಖಂಡಿತ ಹಿಡಿಯುತ್ತದೆ.

ಎರಡು ಹಾದಿಗಳ ಕಠಿಣತೆಯನ್ನು ಹೋಲಿಸಲು ಇನ್ನೂ ಸುಲಭವಾದ ಅಳತೆಯಿದೆ. ಪ್ರತಿ 100 ಮೀಟರ್ ಏರಿಕೆಯನ್ನು ಒಂದು ಕಿಲೋಮೀಟರ್ ಎಂದು ಭಾವಿಸಿ ದೂರಕ್ಕೆ ಕೂಡಿಸುವುದು. ಈ ಲೆಕ್ಕದಲ್ಲಿ ಮೇಲಿನ ಹಾದಿ 18 ಅಲ್ಲ, 30. ಅಂತರರಾಷ್ಟ್ರೀಯ ಟ್ರೇಲ್ ರನ್ನಿಂಗ್ ಸಂಘವೂ ಓಟಗಳನ್ನು ವರ್ಗೀಕರಿಸಲು ಇದೇ ಬಗೆಯ ಲೆಕ್ಕವನ್ನು ಬಳಸುತ್ತದೆ. 2003ರಲ್ಲಿ ಆರಂಭವಾದ, ಮೌಂಟ್ ಬ್ಲಾಂಕ್ ಪರ್ವತಸಮೂಹವನ್ನು ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್‌ಗಳ ಮೂಲಕ ಸುತ್ತುವ ಪ್ರಸಿದ್ಧ ಓಟ ಸುಮಾರು 170 ಕಿಲೋಮೀಟರ್ ಉದ್ದವಿದ್ದು ಸುಮಾರು 10,000 ಮೀಟರ್ ಏರುತ್ತದೆ. ಅಲ್ಲಿ ಓಟಗಾರರು ಹೊರಬೇಕಾದ ಏರಿಕೆಯೊಂದೇ ಇನ್ನೂ 100 ಕಿಲೋಮೀಟರಿಗೆ ಸಮ. ಆರಂಭಿಕರು ಮೊದಲ ಕೆಲವು ತಿಂಗಳು ಈ ಸಂಖ್ಯೆಯನ್ನು 15ರೊಳಗೆ ಇಟ್ಟುಕೊಂಡು, ಮೈ ಒಗ್ಗಿದ ಮೇಲಷ್ಟೇ ಏರಿಸುತ್ತ ಹೋಗುವುದು ಒಳ್ಳೆಯದು.

ಹಂತ 3: ಹಾದಿಯ ಆಕಾರ, ದಿಕ್ಕು ಮತ್ತು ಹೊರದಾರಿಗಳು

ಹೋದ ದಾರಿಯಲ್ಲೇ ಮರಳುವ ಹಾದಿ ಹೊಸಬರಿಗೆ ಅತ್ಯುತ್ತಮ. ಯಾವ ಕ್ಷಣದಲ್ಲಿ ಬೇಕಾದರೂ ಹಿಂತಿರುಗಬಹುದು, ಹಿಂತಿರುಗುವ ದಾರಿ ಆಗಲೇ ಪರಿಚಿತವಾಗಿರುತ್ತದೆ. ಸುತ್ತುದಾರಿ ನೋಟದಲ್ಲಿ ಶ್ರೀಮಂತ. ಆದರೆ ಅರ್ಧ ದಾಟಿದ ಮೇಲೆ ಮುಂದೆ ಹೋಗುವುದೇ ಹತ್ತಿರವಾಗುವುದರಿಂದ, ಆ ಬಿಂದುವನ್ನು ತಲುಪುವ ಮೊದಲೇ ಮುಂದಿನ ಭಾಗದ ಬಗ್ಗೆ ನಿರ್ಧಾರ ಮಾಡಿರಬೇಕು. ಒಂದು ಕಣಿವೆಯಿಂದ ಹೊರಟು ಇನ್ನೊಂದು ಕಣಿವೆಯಲ್ಲಿ ಮುಗಿಯುವ ಹಾದಿಗೆ ವಾಹನದ ಏರ್ಪಾಟು ಬೇಕು, ಅದು ತಪ್ಪಿದರೆ ದಣಿದ ಮೈಯಲ್ಲಿ ಕಾಯಬೇಕಾಗುತ್ತದೆ.

ಸುತ್ತುದಾರಿಯನ್ನು ಯಾವ ದಿಕ್ಕಿನಲ್ಲಿ ಓಡಬೇಕೆಂಬುದು ಅನೇಕರು ಯೋಚಿಸದೆ ಬಿಡುವ ವಿಷಯ. ಕಡಿದಾದ, ಬಂಡೆಗಳ ಭಾಗವನ್ನು ಹತ್ತಿ, ನಯವಾದ ಓರೆಯಲ್ಲಿ ಇಳಿಯುವಂತೆ ದಿಕ್ಕನ್ನು ಆರಿಸಿಕೊಳ್ಳಬೇಕು. ಕಡಿದಾದ ಬಂಡೆಯನ್ನು ಹತ್ತುವುದು ಇಳಿಯುವುದಕ್ಕಿಂತ ಸುರಕ್ಷಿತ, ಮತ್ತು ಆ ಭಾಗ ಮೈಯಲ್ಲಿ ಕಸುವಿರುವಾಗಲೇ ಮುಗಿದುಹೋಗುತ್ತದೆ.

ಅನಂತರ ಹೊರದಾರಿಗಳನ್ನು ಗುರುತಿಸಬೇಕು. ಹಾದಿಯ ಪ್ರತಿ ನಾಲ್ಕೈದು ಕಿಲೋಮೀಟರಿಗೆ ಕೆಳಗಿನ ರಸ್ತೆಗೋ ಜನವಸತಿಗೋ ಇಳಿಯುವ ಕವಲುದಾರಿ ಇದೆಯೇ ಎಂದು ನಕ್ಷೆಯಲ್ಲಿ ಹುಡುಕಿ ಗುರುತು ಹಾಕಿರಿ. ಬೆಟ್ಟದ ನೆತ್ತಿಯ ಸಾಲಿನಲ್ಲಿ ಇಂಥ ಕವಲು ಸಿಗದೆ ಹತ್ತು ಕಿಲೋಮೀಟರ್ ಸಾಗುವ ಹಾದಿ ಎಷ್ಟೇ ಸುಂದರವಾಗಿದ್ದರೂ ಅದನ್ನು ಹವಾಮಾನ ಸ್ಥಿರವಾಗಿರುವ ದಿನಕ್ಕೆ, ಜೊತೆಗಾರರಿರುವ ದಿನಕ್ಕೆ ಮೀಸಲಿಡಬೇಕು. ಕೊನೆಯದಾಗಿ, ಹಿಂತಿರುಗುವ ಗಡಿಯಾರದ ಸಮಯವನ್ನು ಬರೆದಿಟ್ಟುಕೊಳ್ಳಬೇಕು. ಶಿಖರ ಇನ್ನು ಹದಿನೈದೇ ನಿಮಿಷ ದೂರವಿದ್ದರೂ ಆ ಸಮಯವಾದೊಡನೆ ತಿರುಗಿಬಿಡಬೇಕು. ಕಣಿವೆಯ ಆಳದಲ್ಲಿ ಸೂರ್ಯ ಪಂಚಾಂಗದ ಸೂರ್ಯಾಸ್ತಕ್ಕಿಂತ ಬಹಳ ಮೊದಲೇ ಮರೆಯಾಗುತ್ತಾನೆ ಎಂಬುದನ್ನು ಈ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಹಂತ 4: ನೆಲ, ತೊರೆ ಮತ್ತು ಹಿಮವನ್ನು ಊಹಿಸುವುದು

ಮಣ್ಣಿನ ಕಾಲುದಾರಿ, ಬೇರುಗಳು ಹೆಣೆದುಕೊಂಡ ಕಾಡುದಾರಿ, ಸಡಿಲ ಗರಸಿನ ಓರೆ, ಬಂಡೆರಾಶಿ ಇವುಗಳಲ್ಲಿ ಒಂದೇ ಓಟಗಾರನ ವೇಗ ಎರಡು ಮೂರು ಪಟ್ಟು ಬದಲಾಗುತ್ತದೆ. ಬೆಟ್ಟದ ಯಾವ ಮೈಯಲ್ಲಿ ಹಾದಿ ಸಾಗುತ್ತದೆ ಎಂಬುದೂ ಮುಖ್ಯ: ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಮೈಗೆ ಬಿಸಿಲು ಕಡಿಮೆ ಬೀಳುವುದರಿಂದ ಅಲ್ಲಿ ತೇವ, ಪಾಚಿ, ಹಿಮಗಟ್ಟಿದ ತೇಪೆಗಳು ಹೆಚ್ಚು ಕಾಲ ಉಳಿಯುತ್ತವೆ, ದಕ್ಷಿಣ ಗೋಳಾರ್ಧದಲ್ಲಿ ಇದು ತಿರುವುಮುರುವು. ಗಟ್ಟಿ ಹಿಮದ ಕಡಿದಾದ ತೇಪೆಯೊಂದು ಅಡ್ಡ ಬಂದರೆ, ಕೆಳಗೆ ಬಂಡೆಗಳಿದ್ದರೆ, ಓಟದ ಶೂಗಳಲ್ಲಿ ಅದನ್ನು ದಾಟಲು ಯತ್ನಿಸಬಾರದು.

ಹಿಮ ಕರಗಿ ಹರಿಯುವ ತೊರೆಗಳು ಬೆಳಿಗ್ಗೆ ತಗ್ಗಿರುತ್ತವೆ, ಬಿಸಿಲೇರಿದಂತೆ ಉಬ್ಬಿ ಮಧ್ಯಾಹ್ನದ ನಂತರ ಸಂಜೆಯ ಹೊತ್ತಿಗೆ ಪೂರ್ಣ ರಭಸ ತಲುಪುತ್ತವೆ. ಬೆಳಿಗ್ಗೆ ದಾಟಿದ ತೊರೆಯನ್ನೇ ಸಂಜೆ ಮತ್ತೆ ದಾಟಬೇಕಾದ ಹಾದಿಯಲ್ಲಿ ಇದನ್ನು ಮರೆತವರು ಆಚೆ ದಡದಲ್ಲೇ ಉಳಿಯಬೇಕಾಗುತ್ತದೆ. ಮಂಡಿಗಿಂತ ಮೇಲೆ ಬರುವ ರಭಸದ ನೀರಿಗೆ ಇಳಿಯಲೇಬಾರದು. ಇಲ್ಲಿ ವಿನಾಯಿತಿಯಿಲ್ಲ.

ಹಂತ 5: ಹವಾಮಾನ ಮತ್ತು ಎತ್ತರ

ಮುನ್ಸೂಚನೆಯನ್ನು ಕಣಿವೆಯ ಊರಿಗೆ ನೋಡದೆ ಹಾದಿಯ ಅತಿ ಎತ್ತರದ ಬಿಂದುವಿಗೆ ನೋಡಬೇಕು. ಸರಾಸರಿಯಾಗಿ ಪ್ರತಿ 1,000 ಮೀಟರ್ ಮೇಲೇರಿದಂತೆ ಗಾಳಿಯ ಉಷ್ಣತೆ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಹೊರಡುವ ಜಾಗದಲ್ಲಿ 20 ಡಿಗ್ರಿಯಿದ್ದರೆ 1,500 ಮೀಟರ್ ಮೇಲಿನ ನೆತ್ತಿಯಲ್ಲಿ ಸುಮಾರು 10 ಡಿಗ್ರಿ ಇರುತ್ತದೆ. ಅಲ್ಲಿ ಬೀಸುವ ಗಾಳಿ, ಬೆವರಿನಿಂದ ಒದ್ದೆಯಾದ ಬಟ್ಟೆ ಸೇರಿದಾಗ ಮೈ ಅನುಭವಿಸುವ ಚಳಿ ಇನ್ನೂ ಬಹಳ ಹೆಚ್ಚು. ಓಡುತ್ತಿರುವವರೆಗೆ ಇದು ತಿಳಿಯುವುದಿಲ್ಲ. ಕಾಲು ಉಳುಕಿ ಕುಳಿತ ಹತ್ತು ನಿಮಿಷದಲ್ಲಿ ನಡುಕ ಆರಂಭವಾಗುತ್ತದೆ. ದೇಹದ ಒಳ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ; ಮಾತು ತೊದಲುವುದು, ಬೆರಳುಗಳು ಜಿಪ್ ಎಳೆಯಲಾರದಷ್ಟು ಮೊದ್ದಾಗುವುದು ಅದರ ಸೂಚನೆಗಳು.

ಬೇಸಿಗೆಯ ತಿಂಗಳುಗಳಲ್ಲಿ ಬಿಸಿಲಿಗೆ ಕಾದ ಗಾಳಿ ಬೆಟ್ಟದ ಮೈಗುಂಟ ಮೇಲೇರಿ ಮೋಡಗಟ್ಟುವುದರಿಂದ ಗುಡುಗು ಸಿಡಿಲು ಹೆಚ್ಚಾಗಿ ಮಧ್ಯಾಹ್ನದ ನಂತರ ಬರುತ್ತವೆ. ನೆತ್ತಿಯ ಭಾಗವನ್ನು ಮಧ್ಯಾಹ್ನಕ್ಕೆ ಮೊದಲೇ ದಾಟುವಂತೆ ಹೊರಡುವ ಸಮಯವನ್ನು ಹಿಂದಿನಿಂದ ಎಣಿಸಿ ನಿಗದಿಪಡಿಸಿಕೊಳ್ಳಿ. ಶಬ್ದಕ್ಕೆ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗಿದೆ ಎಂದರ್ಥ, ಆಗ ತಡಮಾಡದೆ ನೆತ್ತಿಯಿಂದ ಕೆಳಗಿಳಿಯಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು, ಲೋಹದ ಊರುಗೋಲುಗಳನ್ನು ದೂರವಿಡಬೇಕು, ಗುಂಪಿನಲ್ಲಿದ್ದರೆ ಒಬ್ಬರಿಂದೊಬ್ಬರು ಅಂತರ ಕಾಯ್ದುಕೊಳ್ಳಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಮತ್ತೆ ಮೇಲೇರಬಾರದು.

2,500 ಮೀಟರಿಗಿಂತ ಎತ್ತರದ ಹಾದಿಗಳಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಉಸಿರಿಗೆ ಸಿಗುವ ಆಮ್ಲಜನಕ ಇಳಿಯುತ್ತದೆ. ಒಳ್ಳೆಯ ಓಟಗಾರರಿಗೂ ಇದರಿಂದ ರಕ್ಷಣೆಯಿಲ್ಲ. ದೇಹಬಲವಿದ್ದವರು ವೇಗವಾಗಿ ಮೇಲೇರುವುದರಿಂದ ಅಪಾಯಕ್ಕೆ ಇನ್ನೂ ಬೇಗ ಸಿಲುಕುತ್ತಾರೆ. ಹಲವು ದಿನಗಳ ಓಟವಾದರೆ, 3,000 ಮೀಟರಿನ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ತಲೆನೋವಿನ ಜೊತೆಗೆ ವಾಕರಿಕೆ ಬಂದರೆ ಮೇಲೇರುವುದನ್ನು ನಿಲ್ಲಿಸಬೇಕು. ಹೆಜ್ಜೆ ತೂರಾಡತೊಡಗಿದರೆ, ವಿಶ್ರಾಂತಿಯಲ್ಲೂ ಉಸಿರು ಕಟ್ಟಿದರೆ ಅದೇ ಗಳಿಗೆಯಲ್ಲಿ ಕೆಳಗಿಳಿಯಲು ಆರಂಭಿಸಬೇಕು.

ಹಂತ 6: ಬೆನ್ನ ಮೇಲೆ ಏನಿರಬೇಕು

ನಿಮ್ಮ ಸಾಮಾನು ಓಡುವ ನಿಮಗಾಗಿ ಇರುವುದಲ್ಲ. ಓಡಲಾಗದೆ ಎರಡು ಗಂಟೆ ಕುಳಿತಿರುವ ನಿಮಗಾಗಿ ಇರುವುದು. ಈ ಒಂದು ವಿಚಾರದಿಂದ ಪಟ್ಟಿ ತಾನಾಗಿಯೇ ರೂಪುಗೊಳ್ಳುತ್ತದೆ: ತಲೆಗವಸಿರುವ ನೀರು ನಿರೋಧಕ ಜಾಕೆಟ್, ಒಣಗಿದ ಒಂದು ಬೆಚ್ಚನೆಯ ಮೇಲಂಗಿ, ಟೋಪಿ ಮತ್ತು ಕೈಗವಸು, ದೇಹದ ಶಾಖವನ್ನು ಹಿಡಿದಿಡುವ ತುರ್ತು ಹೊದಿಕೆ, ಸೀಟಿ, ಹಗಲಿನ ಓಟವಾದರೂ ಹೆಡ್‌ಲ್ಯಾಂಪ್, ಗಾಯಕ್ಕೆ ಕಟ್ಟುವ ಎಲಾಸ್ಟಿಕ್ ಬ್ಯಾಂಡೇಜ್, ಪೂರ್ತಿ ಚಾರ್ಜ್ ಆದ ಫೋನ್. ಇವೆಲ್ಲವೂ ಸೇರಿ ಸಾಧಾರಣ ಚೀಲದಲ್ಲಿ ಹಿಡಿಸುತ್ತವೆ. ದೊಡ್ಡ ಬೆಟ್ಟದ ಓಟಗಳಲ್ಲಿ ಸೀಟಿ, ಹೊದಿಕೆ, ಜಾಕೆಟ್ ಇಲ್ಲದವರನ್ನು ಓಡಲು ಬಿಡುವುದಿಲ್ಲ. ಯಾರೂ ತಪಾಸಣೆ ಮಾಡದ ನಿಮ್ಮ ಸ್ವಂತ ಓಟದಲ್ಲಿ ಇವು ಇನ್ನೂ ಹೆಚ್ಚು ಅಗತ್ಯ.

ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿಯುವುದರಿಂದ ಅದನ್ನು ಮೈಗೆ ಹತ್ತಿರದ ಜೇಬಿನಲ್ಲಿಡಿ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ ಏರ್‌ಪ್ಲೇನ್ ಮೋಡ್‌ನಲ್ಲಿ ಬಳಸಿ. ಕಾಗದದ ನಕ್ಷೆಯ ಒಂದು ಪ್ರತಿ ಪ್ಲಾಸ್ಟಿಕ್ ಲಕೋಟೆಯಲ್ಲಿರಲಿ. ಶೂಗಳ ವಿಷಯದಲ್ಲಿ ಅಟ್ಟೆಯ ಹಿಡಿತ ಎಲ್ಲಕ್ಕಿಂತ ಮುಖ್ಯ. ಮೆತ್ತನೆಯ ಮಣ್ಣಿಗೆ ಆಳವಾದ ಹಲ್ಲುಗಳು, ಒದ್ದೆ ಬಂಡೆಗೆ ಮೃದುವಾದ ರಬ್ಬರ್. ಇಳಿಜಾರಿನಲ್ಲಿ ಪಾದ ಮುಂದೆ ಜಾರುವುದರಿಂದ ಬೆರಳುಗಳ ಮುಂದೆ ಹೆಬ್ಬೆರಳಿನಗಲ ಜಾಗವಿರುವ ಅಳತೆಯನ್ನು ಆರಿಸಬೇಕು.

ನೀರನ್ನು ಗಂಟೆಗೆ ಸುಮಾರು ಅರ್ಧ ಲೀಟರಿನಂತೆ ಎಣಿಸಿ ಹೊತ್ತುಕೊಳ್ಳಿ, ಕುಡಿಯುವುದನ್ನು ಬಾಯಾರಿಕೆಗೆ ಬಿಡಿ. ಅಗತ್ಯಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಪ್ರಾಣಾಪಾಯವೂ ಆಗಬಹುದು. ಓಟ ಒಂದೂವರೆ ಗಂಟೆ ಮೀರುವುದಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸಬೇಕು. ಹಸಿವಾಗುವವರೆಗೆ ಕಾಯದೆ ಮೊದಲ ಗಂಟೆಯಿಂದಲೇ ಸ್ವಲ್ಪ ಸ್ವಲ್ಪ ತಿನ್ನುತ್ತಿರಬೇಕು. ಯಾವ ತೊರೆಯ ನೀರನ್ನೂ ಶುದ್ಧೀಕರಿಸದೆ ಕುಡಿಯಬೇಡಿ.

ಹಂತ 7: ಹೊರಡುವ ಮುನ್ನ ಒಬ್ಬರಿಗೆ ತಿಳಿಸುವುದು

ಎಲ್ಲಿಂದ ಹೊರಟು ಯಾವ ಹಾದಿಯಲ್ಲಿ ಹೋಗುತ್ತೀರಿ, ಎಷ್ಟು ಗಂಟೆಗೆ ಮರಳುತ್ತೀರಿ, ಎಷ್ಟು ಗಂಟೆಯವರೆಗೆ ಸುದ್ದಿ ಬಾರದಿದ್ದರೆ ರಕ್ಷಣಾ ಸಿಬ್ಬಂದಿಗೆ ತಿಳಿಸಬೇಕು ಎಂಬುದನ್ನು ಮನೆಯವರಿಗೋ ಗೆಳೆಯರಿಗೋ ಬರಹದಲ್ಲಿ ಕಳುಹಿಸಿ. ಹಾದಿ ಸಂರಕ್ಷಿತ ಅರಣ್ಯದಲ್ಲಿದ್ದರೆ ಪ್ರವೇಶಕ್ಕೆ ಅನುಮತಿ ಬೇಕೇ, ಆ ತಿಂಗಳಲ್ಲಿ ಹಾದಿ ತೆರೆದಿದೆಯೇ ಎಂಬುದನ್ನೂ ಆಗಲೇ ವಿಚಾರಿಸಿ.

ಹಂತ 8: ಓಡುವ ಕ್ರಮ

ಏರಿನಲ್ಲಿ ಹೆಜ್ಜೆ ಗಿಡ್ಡವಾಗಿರಲಿ, ಒಂದು ವಾಕ್ಯವನ್ನು ನಿಲ್ಲದೆ ಹೇಳುವಷ್ಟು ಉಸಿರು ಉಳಿದಿರಲಿ. ಉಳಿಯದಿದ್ದರೆ ನಡೆಯಿರಿ. ಕಡಿದಾದಲ್ಲಿ ಅಂಗೈಗಳನ್ನು ತೊಡೆಯ ಮೇಲೆ ಊರಿ ಒತ್ತುತ್ತ ಹತ್ತುವುದು ಬೆಟ್ಟದ ಓಟದ ಅಂಗೀಕೃತ ವಿಧಾನವೇ ಹೊರತು ಸೋಲಿನ ಗುರುತಲ್ಲ.

ಇಳಿಜಾರಿನ ಬಗ್ಗೆ ತುಸು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಗಾಯಗಳೂ ಆಯಾಸವೂ ಹೆಚ್ಚಾಗಿ ಹುಟ್ಟುವುದು ಅಲ್ಲಿಯೇ. ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಓಟಕ್ಕೆ ವ್ಯಯವಾಗುವ ಶಕ್ತಿ ಅತಿ ಕಡಿಮೆಯಿರುವುದು ಶೇ 20ರ ಆಸುಪಾಸಿನ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದರೆ ಮೈಯನ್ನು ತಡೆಹಿಡಿಯುವುದಕ್ಕೇ ಶಕ್ತಿ ಮತ್ತೆ ಏರತೊಡಗುತ್ತದೆ. ಶ್ವಾಸಕೋಶಕ್ಕೆ ಸುಲಭವೆನಿಸಿದರೂ ತೊಡೆಯ ಮುಂಭಾಗದ ಸ್ನಾಯುಗಳು ಪ್ರತಿ ಹೆಜ್ಜೆಯಲ್ಲೂ ಹಿಗ್ಗುತ್ತಲೇ ಬಿಗಿಯಬೇಕಾಗುವುದರಿಂದ ಅವುಗಳ ಎಳೆಗಳಿಗೆ ಸೂಕ್ಷ್ಮ ಹಾನಿಯಾಗುತ್ತದೆ, ನೋವು ಒಂದರಿಂದ ಮೂರು ದಿನಗಳ ನಂತರ ಪರಾಕಾಷ್ಠೆ ಮುಟ್ಟುತ್ತದೆ. ಒಮ್ಮೆ ಇಂಥ ಇಳಿಕೆ ಅನುಭವಿಸಿದ ಸ್ನಾಯುಗಳು ಮುಂದಿನ ಹಲವು ವಾರ ಅದನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ ಎಂಬುದು ಸಮಾಧಾನದ ಸಂಗತಿ. ಆದ್ದರಿಂದ ದೊಡ್ಡ ಹಾದಿಗೆ ಎರಡು ಮೂರು ವಾರ ಮೊದಲು ಇಳಿಜಾರಿನ ಅಭ್ಯಾಸವನ್ನು ತಪ್ಪದೆ ಮಾಡಬೇಕು. ಇಳಿಯುವಾಗ ಹಿಂದಕ್ಕೆ ವಾಲದೆ, ಮಂಡಿಯನ್ನು ತುಸು ಬಾಗಿಸಿ, ಚಿಕ್ಕ ಚಿಕ್ಕ ಹೆಜ್ಜೆಗಳನ್ನು ಬೇಗ ಬೇಗ ಇಡಿ, ತೋಳುಗಳನ್ನು ಸಮತೋಲಕ್ಕಾಗಿ ಅಗಲಿಸಿ. ಕಣ್ಣು ಪಾದದ ಬುಡದಲ್ಲಿರದೆ ಕೆಲವು ಹೆಜ್ಜೆ ಮುಂದಿರಲಿ. ನೋಟವನ್ನು ಸವಿಯಬೇಕೆನಿಸಿದರೆ ನಿಂತು ಸವಿಯಿರಿ. ಓಡುತ್ತ ತಲೆ ಎತ್ತಿದ ಕ್ಷಣವೇ ಎಡವುವ ಕ್ಷಣ.

ತಿರುವುಗಳನ್ನು ಕತ್ತರಿಸಿ ನೇರವಾಗಿ ಇಳಿಯಬೇಡಿ. ಒಬ್ಬರ ಹೆಜ್ಜೆಯ ಗುರುತು ಮುಂದಿನ ಮಳೆಗೆ ನೀರಿನ ಕಾಲುವೆಯಾಗಿ, ಕೆಲವೇ ವರ್ಷಗಳಲ್ಲಿ ಇಡೀ ಹಾದಿ ಕೊರಕಲಾಗುತ್ತದೆ. ಎದುರಿನಿಂದ ಹತ್ತಿ ಬರುವವರಿಗೆ ದಾರಿ ಬಿಡಿ, ನಡೆಯುವವರನ್ನು ಹಿಂದಿನಿಂದ ದಾಟುವಾಗ ಮೊದಲೇ ದನಿ ಕೊಡಿ, ಕಸವನ್ನು ನಿಮ್ಮ ಚೀಲದಲ್ಲೇ ಮರಳಿ ತನ್ನಿ.

ಹಂತ 9: ದಾರಿ ತಪ್ಪಿದಾಗ, ಬಿದ್ದಾಗ

ಮಂಜು ಮುಸುಕಿದಾಗ ನೆತ್ತಿಯ ಸಾಲು ಎರಡಾಗಿ ಕವಲೊಡೆಯುವ ಜಾಗದಲ್ಲಿ ತಪ್ಪು ಕವಲಿಗೆ ಇಳಿಯುವುದು ಅತ್ಯಂತ ಸಾಮಾನ್ಯವಾದ ತಪ್ಪು. ನಾನೂ ಒಮ್ಮೆ ಹಾಗೆ ಇಳಿದಿದ್ದೇನೆ. ಅನುಮಾನ ಬಂದೊಡನೆ ನಿಂತು, ಖಚಿತವಾಗಿ ಗುರುತಿದ್ದ ಕೊನೆಯ ಜಾಗಕ್ಕೆ ಮರಳಿ ಹತ್ತಬೇಕು. ಹತ್ತುವ ಬೇಸರಕ್ಕೆ ‘ಕೆಳಗೆ ಎಲ್ಲಿಯಾದರೂ ದಾರಿ ಸಿಕ್ಕೀತು’ ಎಂದು ತೊರೆಯ ಜಾಡು ಹಿಡಿದು ಇಳಿದವರು ಜಲಪಾತದ ಅಥವಾ ಪ್ರಪಾತದ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತಾರೆ.

ಗಾಯವಾಗಿ ಚಲಿಸಲಾಗದಿದ್ದರೆ ಮೊದಲು ಇರುವ ಬಟ್ಟೆಯನ್ನೆಲ್ಲ ತೊಟ್ಟು, ಹೊದಿಕೆ ಸುತ್ತಿಕೊಂಡು, ತಣ್ಣನೆಯ ನೆಲಕ್ಕೆ ಮೈ ತಾಗದಂತೆ ಚೀಲದ ಮೇಲೆ ಕುಳಿತುಕೊಳ್ಳಿ. ಅನಂತರ ಕರೆ ಮಾಡಿ. 112 ಎಂಬ ತುರ್ತು ಸಂಖ್ಯೆ ಅನೇಕ ದೇಶಗಳಲ್ಲಿ ಕೆಲಸ ಮಾಡುತ್ತದೆ. ಫೋನ್ ತೋರಿಸುವ ಅಕ್ಷಾಂಶ ರೇಖಾಂಶಗಳನ್ನೇ ಮೊದಲು ಹೇಳಿ, ಏಕೆಂದರೆ ಕರೆ ನಡುವೆ ಕಡಿದುಹೋದರೂ ಜಾಗ ತಿಳಿದಿರುತ್ತದೆ. ಸಂಪರ್ಕವಿಲ್ಲದಿದ್ದರೆ ಪರ್ವತ ಪ್ರದೇಶಗಳಲ್ಲಿ ರೂಢಿಯಲ್ಲಿರುವ ಆಪತ್ಸಂಕೇತವನ್ನು ಬಳಸಿ: ಒಂದು ನಿಮಿಷದಲ್ಲಿ ಆರು ಬಾರಿ ಸೀಟಿ ಊದುವುದು ಅಥವಾ ದೀಪ ಮಿನುಗಿಸುವುದು, ಒಂದು ನಿಮಿಷ ಬಿಡುವು, ಮತ್ತೆ ಆರು. ನಿಮಿಷಕ್ಕೆ ಮೂರು ಬಾರಿಯ ಉತ್ತರ ಬಂದರೆ ನಿಮ್ಮ ಕರೆ ಕೇಳಿಸಿದೆ ಎಂದರ್ಥ, ಆದರೂ ಅವರು ನಿಮ್ಮನ್ನು ತಲುಪುವವರೆಗೆ ಸಂಕೇತ ನಿಲ್ಲಿಸಬೇಡಿ. ಹೆಲಿಕಾಪ್ಟರ್ ಬಂದರೆ ಎರಡೂ ತೋಳುಗಳನ್ನು ಓರೆಯಾಗಿ ಮೇಲಕ್ಕೆ ಚಾಚಿ ನಿಲ್ಲುವುದು ‘ಸಹಾಯ ಬೇಕು’ ಎಂಬ ಸಂಕೇತ.

ಹಂತ 10: ಮರಳಿದ ಮೇಲೆ

ಅಂದೇ ಸಂಜೆ ತಗುಲಿದ ಸಮಯ, ನೆಲದ ಸ್ಥಿತಿ, ನೀರು ಸಿಕ್ಕ ಜಾಗ, ನಕ್ಷೆಗೂ ನೆಲಕ್ಕೂ ಹೊಂದದ ಕವಲುಗಳನ್ನು ಬರೆದಿಡಿ. ನೇಸ್ಮಿತ್ ಸಮಯದೊಂದಿಗೆ ಹೋಲಿಸಿ ನಿಮ್ಮ ಗುಣಕವನ್ನು ತಿದ್ದಿಕೊಳ್ಳಿ. ಐದಾರು ಹಾದಿಗಳಾದ ಮೇಲೆ ನಿಮ್ಮ ಅಂದಾಜು ಹತ್ತು ಹದಿನೈದು ನಿಮಿಷದ ಆಚೀಚೆ ನಿಲ್ಲತೊಡಗುತ್ತದೆ. ಒದ್ದೆ ಶೂಗಳಿಗೆ ಕಾಗದ ತುರುಕಿ ನೆರಳಿನಲ್ಲಿ ಒಣಗಿಸಿ, ಹೆಡ್‌ಲ್ಯಾಂಪನ್ನು ಚಾರ್ಜಿಗೆ ಹಾಕಿ. ಆದರೆ ಇವೆಲ್ಲಕ್ಕೂ ಮೊದಲು, ಶೂ ಬಿಚ್ಚುವುದಕ್ಕೂ ಮೊದಲು, ಹಾದಿಯ ವಿವರ ಕಳುಹಿಸಿದ್ದವರಿಗೆ ಮರಳಿದ್ದೇನೆಂದು ಸಂದೇಶ ಕಳುಹಿಸಿ. ಅದು ಮರೆತುಹೋದರೆ ನೀವು ಮನೆಯಲ್ಲಿ ಮಲಗಿರುವಾಗ ರಕ್ಷಣಾ ಸಿಬ್ಬಂದಿ ಕತ್ತಲಲ್ಲಿ ಆ ಬೆಟ್ಟ ಹತ್ತುತ್ತಿರುತ್ತಾರೆ.